ಕಪ್ಪೆಕಲ್ಲಿನ ಹೆಪ್ಪು

ಲಲಿತಮ್ಮನ ಮನೆಯ ಮೊಸರಿನ ವಿಷಯ ಹೇಳಿದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಮೊಸರಿಗೇನೂ ನಷ್ಟವಿಲ್ಲ. ಒಂದು ಸಲ ಹಳೇಬೀಡಿನ ಬಸ್ ಸ್ಟ್ಯಾಂಡಿನ ಮುಂದೆ ಅವಳ ತಲೆಯ ಮೇಲಿನ ಗಡಿಗೆ ಜಾರಿ ಬಿತ್ತು. ಗಡಿಗೆ ಚೂರು ಚೂರಾಯಿತು. ಮೊಸರು ಮಾತ್ರ ಗಡಿಗೆಯ ಆಕಾರದಲ್ಲೇ ರಸ್ತೆಯ ನಡುವೆ ಕೂತುಕೊಂಡಿತು. ಅರಸೀಕೆರೆಯಿಂದ ಬಂದ ಬಸ್ಸಿನ ಡ್ರೈವರು ಯಾರೋ ಹೊಸದಾಗಿ ಮೈಲಿಗಲ್ಲು ನೆಟ್ಟಿದ್ದಾರೆ ಎಂದುಕೊಂಡು ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ ಅದರ ಮೇಲೆ ಊರಿನ ಹೆಸರು ಹುಡುಕಿದ.

ಎದುರುಮನೆಯವನಾದ ನಾನು ಈ ಕಥೆಯನ್ನು ಲಲಿತಮ್ಮನ ಮುಂದೆ ಹೇಳಿದಾಗಲೆಲ್ಲ ಅವಳು, “ಸುಮ್ಕಿರು ಮಾವ, ನಿನ್ನ ಬಾಯಿಗೆ ಬೆಣ್ಣೆ ಮೆತ್ತ” ಎನ್ನುತ್ತಿದ್ದಳು. ಮೆತ್ತಿದರೆ ಬೇಡವೆನ್ನುವವನಲ್ಲ ನಾನು.

ಅವಳು ಹುಟ್ಟಿದ್ದು ಹುಲಿಕೆರೆಯಲ್ಲಿ, ಮೆಟ್ಟಿಲು ಕೊಳದ ಹಿಂದಿನ ಬೀದಿಯಲ್ಲಿ. ಆ ಕೊಳದ ನೀರು ಕುಡಿದವರು ಮೊಂಡರಾಗುತ್ತಾರೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಲಲಿತಮ್ಮನನ್ನು ನೋಡಿದ ಮೇಲೆ ನಾನೇ ಹುಟ್ಟಿಸಿದ ಮಾತದು, ಆದರೂ ಸುಳ್ಳಲ್ಲ. ನಮ್ಮ ಬಸ್ತಿಹಳ್ಳಿಗೆ ಸೊಸೆಯಾಗಿ ಬಂದಾಗ ಅವಳ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಅತ್ತೆ ಬಿಚ್ಚಿಸಿ ನೋಡಿದರೆ ಒಳಗೆ ಮಡಿಸಿದ ಬಿಳಿ ಬಟ್ಟೆಯ ತುಂಡು, ಒಣಗಿ ಹಪ್ಪಳವಾಗಿತ್ತು.

“ಚಿನ್ನ ತತ್ತೀಯ ಅಂದ್ರೆ ಚಿಂದಿ ತಂದಿದ್ದೀಯಲ್ಲೇ” ಎಂದಳು ಅತ್ತೆ.

“ಹೆಪ್ಪು ಕಣತ್ತೆ” ಎಂದಳು ಲಲಿತಮ್ಮ. “ನಮ್ಮವ್ವ ಮೊಸರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ ಕೊಟ್ಟವ್ಳೆ. ಬೆಚ್ಚಗಿನ ಹಾಲಿಗೆ ಹಾಕಿದ್ರೆ ಎದ್ದು ಕೂತ್ಕತೈತೆ.”

ಅತ್ತೆ ನಕ್ಕಳು. ಮಾರನೆಯ ಬೆಳಿಗ್ಗೆ ಮೊಸರು ತಿಂದು ನಗು ನಿಲ್ಲಿಸಿದಳು.

ಗಂಡ ಲಕ್ಷ್ಮೀಶ ತೆಂಗಿನ ಮರದಿಂದ ಬಿದ್ದು ತೀರಿಕೊಂಡಾಗ ಮಗಳು ಸಿರಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ನಮ್ಮ ಕಡೆ ಒಂದು ಪದ್ಧತಿಯಿದೆ. ಸಾವಾದ ಮನೆಯಲ್ಲಿ ಸೂತಕ ಕಳೆಯುವ ದಿನ ಹಳೆಯ ಮಡಕೆ ಕುಡಿಕೆಗಳನ್ನೆಲ್ಲ ಊರಾಚೆ ಹಾಕಿ, ಮನೆ ತೊಳೆದು, ಬೇರೆ ಮನೆಯಿಂದ ಹೊಸ ಹೆಪ್ಪು ತಂದು ಹಾಲಿಗೆ ಹಾಕುತ್ತಾರೆ. ಸಾವಿನ ಮನೆಯ ಹೆಪ್ಪನ್ನು ಮುಂದುವರಿಸಬಾರದು. ಆಗಲೂ ಎಲ್ಲವನ್ನೂ ಎಸೆದರು. ಆದರೆ ಆಗ ಹುಲಿಕೆರೆಯಲ್ಲಿ ತಾಯಿ ಇದ್ದಳು. ಅದೇ ಹೆಪ್ಪನ್ನು ಇನ್ನೊಂದು ಬಟ್ಟೆಯಲ್ಲಿ ಒಣಗಿಸಿ ತಂದುಕೊಟ್ಟಳು. ಲಲಿತಮ್ಮ ಎರಡು ಹಸು ಕಟ್ಟಿಕೊಂಡು, ಗಡಿಗೆ ಹೊತ್ತು, ಹಳೇಬೀಡಿನ ಹೋಟೆಲುಗಳಿಗೆ ಮೊಸರು ಹಾಕುತ್ತ ಮಗಳನ್ನು ಓದಿಸಿದಳು.

ಸಿರಿ ಚಿಕ್ಕವಳಿದ್ದಾಗ ಹೆಪ್ಪು ಹಾಕಿದ ಕುಡಿಕೆಯೊಳಗೆ ಗಳಿಗೆಗೊಂದು ಸಲ ಬೆರಳು ಅದ್ದಿ ನೋಡುತ್ತಿದ್ದಳು. “ಮಲಗಿರೋ ಕೂಸಿನ ಕಣ್ಣಿಗೆ ಬೆರಳಿಕ್ಕಬ್ಯಾಡ ಕಣೇ” ಎಂದು ತಾಯಿ ಬೈಯುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. ಒಳಗೆ ಏನು ನಡೆಯುತ್ತಿದೆ ಎಂದು ನೋಡುವ ಆ ಚಟವೇ ಅವಳನ್ನು ಸೂಕ್ಷ್ಮಜೀವಿಗಳ ಓದಿಗೆ ಎಳೆದುಕೊಂಡು ಹೋಯಿತು. ಕೊನೆಗೆ ಅರಸೀಕೆರೆಯ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವ ಕೆಲಸ ಸಿಕ್ಕಿತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಬಂದವಳು ಚೀಲ ಇಟ್ಟು ಕೈ ತೊಳೆದು ಮೊದಲು ಮಾಡುವ ಕೆಲಸ ಹಾಲಿಗೆ ಹೆಪ್ಪು ಹಾಕುವುದು. ಹೆಪ್ಪಿಗೆ ಕೈಗುಣ ಬೇಕು ಎನ್ನುತ್ತಾರೆ. ಮೊಸರು ಮಾರಿಯೇ ಬದುಕಿದ ಲಲಿತಮ್ಮ ತಾನೇ ಒಪ್ಪಿಕೊಂಡಿದ್ದಳು: “ನನ್ನ ಕೈಗಿಂತ ನನ್ನ ಮಗಳ ಕೈ ಮೇಲು.”

ಆ ಹುಡುಗಿ ನನಗೆ ಪ್ರತಿಸ್ಪರ್ಧಿಯಾದಳು. ಬೀದಿಯಲ್ಲಿ ಇಷ್ಟು ವರ್ಷ ದೊಡ್ಡ ದೊಡ್ಡ ಸುಳ್ಳು ಹೇಳುವ ಹಕ್ಕು ನನ್ನೊಬ್ಬನದಾಗಿತ್ತು. ಅವಳು ನಿಜ ಹೇಳಿಯೇ ನನ್ನನ್ನು ಸೋಲಿಸುತ್ತಿದ್ದಳು.

ಒಂದು ಯುಗಾದಿಯ ಮಾರನೆಯ ಸಂಜೆ ನಮ್ಮ ಜಗಲಿಯ ಮೇಲೆ ನಾವು ನಾಲ್ಕೈದು ಜನ ಕೂತಿದ್ದೆವು. ಪ್ರವಾಸಿಗರಿಗೆ ಬಳಪದ ಕಲ್ಲಿನಲ್ಲಿ ಪುಟ್ಟ ಆನೆ, ನಂದಿ ಕೆತ್ತಿ ಮಾರುವ ಗಂಗಯ್ಯನೂ ಇದ್ದ. ನಾನು ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಎತ್ತಿದೆ. ಆ ವಿಗ್ರಹದ ಕಲ್ಲಿನೊಳಗೆ ಜೀವಂತ ಕಪ್ಪೆ ಸಿಕ್ಕಿತೆಂಬುದು ನಿಮಗೆ ಗೊತ್ತಿರುವ ಕಥೆ. ನಮ್ಮಜ್ಜ ಒಡೆದ ಕಲ್ಲಿನಲ್ಲೂ ಒಂದಿತ್ತು, ಅದು ಹೊರಗೆ ಬಂದು ಮೈ ಮುರಿದು, ‘ಬಲ್ಲಾಳರಾಯರು ಕ್ಷೇಮವೇ?’ ಎಂದು ಕೇಳಿತು ಎಂಬುದು ನಾನು ಸೇರಿಸಿದ್ದು.

“ತಾತ, ಕಲ್ಲೊಳಗೆ ಕಪ್ಪೆ ಬದುಕಲ್ಲ” ಎಂದಳು ಸಿರಿ. “ಆದ್ರೆ ಕಣ್ಣಿಗೆ ಕಾಣದಷ್ಟು ಚಿಕ್ಕದು ಬದುಕುತ್ತೆ. ಕಲ್ಲೊಳಗೇ ಕೂತ್ಕೊಂಡು ಒಂದು ಗ್ರಹದಿಂದ ಇನ್ನೊಂದು ಗ್ರಹಕ್ಕೆ ಹೋಗಬಹುದೇನೋ ಅಂತಾನೂ ಹೇಳ್ತಾರೆ.”

“ಟಿಕೆಟ್ ಯಾರು ಕೊಡ್ತಾರವ್ವ?” ಎಂದೆ.

“ಟಿಕೆಟ್ ಬೇಡ, ಒದೆ ಸಾಕು. ಮಂಗಳ ಗ್ರಹಕ್ಕೆ ದೊಡ್ಡ ಬಂಡೆಯೊಂದು ಬಂದು ಬಡೀತು ಅಂದ್ಕೋ. ಆ ಹೊಡೆತಕ್ಕೆ ಅಲ್ಲಿನ ಕಲ್ಲು ಚಿಮ್ಮಿ ಆಕಾಶ ದಾಟಿ ಹೋಗುತ್ತೆ. ಅಂಥ ಕಲ್ಲು ನಮ್ಮ ಭೂಮಿಗೆ ಬಂದು ಬಿದ್ದಿವೆ, ಇದು ಕಥೆ ಅಲ್ಲ. ಜೀವ ಹೊತ್ತು ತಂದ್ವಾ ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ.”

“ಬೀಳೋವಾಗ ಉರಿದು ಹೋಗಾಕಿಲ್ವ?” ಎಂದ ಗಂಗಯ್ಯ. ಅವನಿಗೆ ಕಲ್ಲಿನ ಮಾತೆಂದರೆ ಕಿವಿ ನೆಟ್ಟಗಾಗುತ್ತದೆ.

“ಮೇಲೆ ಮಾತ್ರ ಉರಿಯುತ್ತೆ ಗಂಗಣ್ಣ. ಸೋಗೆಗೆ ಬೆಂಕಿ ಹತ್ತಿದಾಗ ಎಳನೀರಿನ ಸಿಪ್ಪೆ ಕರಕಲಾದ್ರೂ ಒಳಗಿನ ನೀರು ತಣ್ಣಗೇ ಇರಲ್ವಾ? ಬೀಳೋದು ಸ್ವಲ್ಪ ಹೊತ್ತು ಅಷ್ಟೆ, ಕಾವು ಒಳಗಿಳಿಯೋಕೆ ಪುರುಸೊತ್ತಿಲ್ಲ. ಕಷ್ಟ ಇರೋದು ದಾರೀಲಿ. ಗಾಳಿ ಇಲ್ಲ, ನೀರಿಲ್ಲ, ಕೊರೆಯೋ ಚಳಿ. ಬಿಸಿಲು ತಾಗಿದ್ರೆ ಸಾವೇ. ಒಣಗಿ, ಮುದುಡಿ, ಉಸಿರು ಬಿಗಿ ಹಿಡಿದು ಮಲಗಬೇಕು.”

ಜಪಾನಿನ ವಿಜ್ಞಾನಿಗಳು ಮಾಡಿದ ಪರೀಕ್ಷೆಯೊಂದನ್ನೂ ಹೇಳಿದಳು. ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದ ಹೊರಗೆ ಸೂಕ್ಷ್ಮಜೀವಿಗಳನ್ನು ಒಣಗಿಸಿ, ಗುಡ್ಡೆ ಮಾಡಿ, ಮೂರು ವರ್ಷ ಬಿಟ್ಟಿದ್ದರಂತೆ. ತಂದು ನೋಡಿದರೆ ಮೇಲಿನ ಪದರದವು ಬಿಸಿಲಿಗೆ ಸತ್ತಿದ್ದವು. ಆ ಹೆಣಗಳೇ ಕೊಡೆಯಾಗಿ ಕೆಳಗಿನವು ಬದುಕಿದ್ದವು. ನೀರು, ಊಟ ಕೊಟ್ಟರೆ ಎದ್ದು ಬೆಳೆದವಂತೆ.

ಬಾಗಿಲಿಗೆ ಒರಗಿ ಕೇಳುತ್ತಿದ್ದ ಲಲಿತಮ್ಮ, “ಹಂಗಾರೆ ತಾಯಂದ್ರು ಮೇಲೆ ಮಲಗಿ ಮಕ್ಕಳನ್ನ ಉಳಿಸಿದ್ವು ಅನ್ನು” ಎಂದಳು.

“ಅಮ್ಮ, ಅವುಗಳಲ್ಲಿ ತಾಯಿ ಮಕ್ಕಳು ಅಂತೇನಿಲ್ಲ.”

“ಇಲ್ಲದೆ ಏನು. ನಿಂಗೊತ್ತಿಲ್ಲ, ಸುಮ್ಕಿರು.”

ನನಗೆ ಸೋಲೊಪ್ಪಿಕೊಳ್ಳಲು ಮನಸ್ಸಿರಲಿಲ್ಲ. “ಅಷ್ಟು ಗಟ್ಟಿ ಜೀವ ಆದ್ರೆ ನಿಮ್ಮ ಮನೆ ಹೆಪ್ಪನ್ನ ಕಲ್ಲೊಳಗಿಟ್ಟು ಬದುಕಿಸಿ ತೋರ್ಸು ನೋಡಾನ” ಎಂದೆ.

ಹುಲಿಕೆರೆ ನೀರು ಮಗಳಲ್ಲೂ ಇತ್ತಲ್ಲ. ಮೊಸರಿನ ಜೀವ ಅಷ್ಟು ಗಟ್ಟಿಯಲ್ಲ, ಬದುಕುತ್ತದೆಂದು ಮಾತು ಕೊಡಲಾರೆ, ಆದರೂ ನೋಡೋಣ ಎಂದಳು. ಅಜ್ಜಿ ಮಾಡುತ್ತಿದ್ದ ಹಾಗೆ ಬಟ್ಟೆಯನ್ನು ಮೊಸರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದಳು. ಹೊರಮಡಿಕೆ ಸತ್ತರೂ ಒಳಮಡಿಕೆ ಉಳಿಯಲಿ ಎಂದು ಮತ್ತೆ ಮತ್ತೆ ಮಡಿಸಿದಳು. ಗಂಗಯ್ಯ ಬಳಪದ ಕಲ್ಲಿನ ತುಂಡೊಂದರಲ್ಲಿ ಗೂಡು ಕೊರೆದು, ಬಟ್ಟೆಯನ್ನು ಒಳಗಿಟ್ಟು, ಕಲ್ಲಿನದೇ ಬಿರಡೆ ಬಡಿದು ಅರಗು ಹಚ್ಚಿದ. ಸುಮ್ಮನಿರಲಾರದೆ ಮೇಲೊಂದು ಕಪ್ಪೆಯನ್ನೂ ಕೆತ್ತಿದ. ಆ ಕಪ್ಪೆ ಆನೆಯ ಹಾಗೆ ಕಾಣುತ್ತಿತ್ತು. ಗಂಗಯ್ಯ ಏನು ಕೆತ್ತಿದರೂ ಕೊನೆಗೆ ಆನೆಯೇ ಆಗುತ್ತದೆ.

ಕಪ್ಪೆಕಲ್ಲನ್ನು ಲಲಿತಮ್ಮನ ಕೊಟ್ಟಿಗೆಯ ಹಂಚಿನ ಮೇಲೆ ತಂತಿಯಿಂದ ಕಟ್ಟಿದರು. ಬಿಸಿಲು, ಮಳೆ, ಇಬ್ಬನಿ ಎಲ್ಲಕ್ಕೂ ಅದು ಮೈಯೊಡ್ಡಿಕೊಂಡಿತು. ಮೂರು ಯುಗಾದಿ ಕಳೆದ ಮೇಲೆ ತೆಗೆಯುವುದೆಂದು ಮಾತಾಯಿತು.

“ತೆಗೆದಾಗ ಎರಡು ಕುಡಿಕೆ ಇಡಬೇಕು” ಎಂದಳು ಸಿರಿ. “ಎರಡನ್ನೂ ಕುದಿಯೋ ನೀರಲ್ಲಿ ತೊಳೆದು, ಒಂದೇ ಹಾಲು ಹಾಕಬೇಕು. ಒಂದಕ್ಕೆ ಕಲ್ಲಿನ ಬಟ್ಟೆ, ಇನ್ನೊಂದಕ್ಕೆ ಏನೂ ಇಲ್ಲ. ಆ ಖಾಲಿ ಹಾಲು ಹಾಲಾಗೇ ಉಳಿದು, ಬಟ್ಟೆ ಹಾಕಿದ್ದು ಮೊಸರಾದ್ರೆ ಮಾತ್ರ ನಾನು ಗೆದ್ದ ಹಾಗೆ.”

“ಅದ್ಯಾಕವ್ವ ಅಷ್ಟೊಂದು ಮಡಿ?”

“ಮಂಗಳಕ್ಕೆ ಯಂತ್ರ ಕಳಿಸೋರೂ ಹಿಂಗೇ ಮಡಿ ಮಾಡ್ತಾರೆ ತಾತ, ಉಜ್ಜಿ, ಒರೆಸಿ, ಬಿಸಿ ಮಾಡಿ. ಇಲ್ಲಾಂದ್ರೆ ಇಲ್ಲಿಂದ ನಾವೇ ಅಂಟಿಸ್ಕೊಂಡು ಹೋದ ಜೀವ ಅಲ್ಲಿ ಕಂಡು, ‘ಸಿಕ್ತು ಸಿಕ್ತು’ ಅಂತ ಕುಣಿದುಬಿಡ್ತೀವಿ. ಒಂದು ಸಲ ನಮ್ಮದು ಬೆರೆತರೆ ಮುಗೀತು, ಅಲ್ಲಿಯದ್ದು ಯಾವುದು ನಮ್ಮದು ಯಾವುದು ಅಂತ ಬಿಡಿಸೋದು ಕಷ್ಟ.”

ಬಾಣಾವರದ ಒಬ್ಬ ಗೌಡ ತನ್ನದೇ ಹೆಜ್ಜೆ ಗುರುತನ್ನು ಕಳ್ಳನದೆಂದು ಹಿಂಬಾಲಿಸಿಕೊಂಡು ಕೆರೆಯನ್ನು ಬೆಳಗಿನವರೆಗೂ ಸುತ್ತಿದ ಕಥೆ ಹೇಳಿದೆ. ಸುತ್ತಿದಷ್ಟೂ ಕಳ್ಳರ ಸಂಖ್ಯೆ ಹೆಚ್ಚುತ್ತ ಹೋಯಿತಂತೆ. ಸಿರಿ ನಕ್ಕು ನಕ್ಕು, “ಇದನ್ನ ನಾಳೆ ಕ್ಲಾಸಲ್ಲಿ ಹೇಳ್ತೀನಿ” ಎಂದಳು. ನನ್ನ ಸುಳ್ಳೊಂದು ಕಾಲೇಜು ಹತ್ತಿದ್ದು ಅದೊಂದೇ ಸಲ.

ಎರಡನೆಯ ವರ್ಷದ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಯಾರಿಗೆ ಬರುವುದಿಲ್ಲ? ಸಂಜೆ ಕಂಬಳಿ ಹೊದ್ದುಕೊಂಡೇ ಎದ್ದು ಬಂದು ಹಾಲಿಗೆ ಹೆಪ್ಪು ಹಾಕಿದಳು. ಮಲಗೆಂದು ತಾಯಿ ಗದರಿದರೆ, “ನೀನು ಹಾಕಿದ್ರೆ ಲೋಳೆ ಆಗುತ್ತಮ್ಮ, ಹೋಟೆಲಿನೋರು ಬೈತಾರೆ” ಎಂದು ನಗಾಡಿದಳಂತೆ. ಮಾರನೆಯ ದಿನ ಹಾಸನದ ಆಸ್ಪತ್ರೆಗೆ ಸೇರಿಸಿದರು. ಡೆಂಗ್ಯೂ ಎಂದರು. ವಾರ ತುಂಬುವ ಮೊದಲೇ ಬಿಳಿಯ ವ್ಯಾನು ನಮ್ಮ ಬೀದಿಗೆ ಬಂತು.

ನನ್ನ ಹತ್ತಿರ ಎಲ್ಲದಕ್ಕೂ ಒಂದು ಕಥೆ ಇರುತ್ತದೆ. ಇದಕ್ಕೆ ಮಾತ್ರ ಇಲ್ಲ.

ಸೂತಕ ಕಳೆಯುವ ದಿನ ನನ್ನ ಹೆಂಡತಿ ಹೊಂಬಾಳಮ್ಮ, ಪಕ್ಕದ ಮನೆಯ ಮಾಲಿನಿ ಸೇರಿ ಲಲಿತಮ್ಮನ ಮನೆಯನ್ನು ತೊಳೆದು ಸಾರಿಸಿದರು. ಕಷ್ಟದ ಮನೆಗೆ ಕೈಲಾದದ್ದನ್ನು ಮಾಡಬೇಕಲ್ಲ. ಪದ್ಧತಿಯ ಪ್ರಕಾರ ಮಡಕೆ ಕುಡಿಕೆಗಳನ್ನು ಬುಟ್ಟಿಗೆ ತುಂಬಿ ಊರಾಚೆಯ ಹಳ್ಳಕ್ಕೆ ಹಾಕಿ ಬಂದರು. ನಡುಮನೆಯ ಗೂಡಿನಲ್ಲಿ ಮುಚ್ಚಿಟ್ಟಿದ್ದ ಒಂದು ಕುಡಿಕೆಯೂ ಅದರಲ್ಲಿ ಹೋಯಿತು.

ಕಾರ್ಯ ಮುಗಿಸಿ ಬಂದ ಲಲಿತಮ್ಮ ಗೂಡಿಗೆ ಕೈ ಹಾಕಿದಳು.

“ಇಲ್ಲಿದ್ದ ಕುಡಿಕೆ ಎಲ್ಲತ್ತೆ?”

“ಹಳೇವೆಲ್ಲ ಹಾಕಿ ಬಂದ್ವಿ ಕಣವ್ವ” ಎಂದಳು ಹೊಂಬಾಳಮ್ಮ. “ಮಾಲಿನಿ ಹೊಸ ಹೆಪ್ಪು ತಂದವ್ಳೆ.”

“ಅವ್ಳು ಜ್ವರದಲ್ಲಿ ಎದ್ದು ಹೆಪ್ಪಾಕಿದ್ದು ಅದು.”

ಅಷ್ಟೇ ಹೇಳಿದ್ದು. ಹಾಗೇ ಬರಿಗಾಲಲ್ಲಿ ಹಳ್ಳಕ್ಕೆ ನಡೆದಳು. ನಾವು ಹಿಂದೆ ಹೋಗುವಷ್ಟರಲ್ಲಿ ಅವಳು ಚೂರುಗಳ ನಡುವೆ ಕೂತು ಒಂದೊಂದನ್ನೇ ಎತ್ತಿ ಮೂಸುತ್ತಿದ್ದಳು. ಹಿಂದಿನ ದಿನದಿಂದ ಸುರಿದ ಮಳೆಯಲ್ಲಿ ಹಳ್ಳ ಕೆಂಪಗೆ ಹರಿಯುತ್ತಿತ್ತು. ನಾಯಿಗಳು ಬಂದು ಹೋಗಿದ್ದವು.

ಆಮೇಲೆ ಅವಳು ಆ ಹೆಪ್ಪಿನ ಹಿಂದೆ ಬಿದ್ದಳು. ಹುಲಿಕೆರೆಗೆ ಹೋದಳು. ತಾಯಿ ಹೋಗಿ ವರ್ಷಗಳಾಗಿದ್ದವು, ಅಣ್ಣನ ಮನೆಯಲ್ಲಿ ಈಗ ಪ್ಯಾಕೆಟ್ ಮೊಸರು. ಹೋಟೆಲಿನವರು ಗಡಿಗೆಯನ್ನು ಅವತ್ತವತ್ತೇ ಬಳಿದು ಖಾಲಿ ಮಾಡುವವರು. ಬೀದಿಯಲ್ಲಿ ಅವಳಿಂದ ಹೆಪ್ಪು ತಂದಿದ್ದವರು ಯಾವಾಗಲೋ ಮುಗಿಸಿ, ಇನ್ನೊಬ್ಬರಿಂದ ತಂದು ಬೆರೆಸಿದ್ದರು. ನಮ್ಮ ಮನೆಯಲ್ಲಂತೂ ಹೊಂಬಾಳಮ್ಮ ಅರಸೀಕೆರೆಯ ತವರಿನ ಹೆಪ್ಪು ಬಿಟ್ಟು ಬೇರೆಯದನ್ನು ಒಳಗೆ ಬಿಟ್ಟವಳೇ ಅಲ್ಲ. ಅದು ಅವಳ ಬಿಗುಮಾನ. ಆ ಬಿಗುಮಾನವನ್ನು ಅವಳು ಆಮೇಲೆ ಎಷ್ಟು ಶಪಿಸಿಕೊಂಡಳೆಂದು ನನಗೆ ಗೊತ್ತು.

ಲಲಿತಮ್ಮ ಮೊಸರು ಮಾರುವುದನ್ನು ಬಿಟ್ಟಳು. ಹಾಲನ್ನು ಡೈರಿಗೆ ಹಾಕತೊಡಗಿದಳು. ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತು, ಎಲ್ಲೋ ನೋಡುತ್ತ ಹೇಳಿದಳು:

“ಮಾವ, ಅವ್ಳು ಹೇಳಿದ್ದು ಗ್ಯಾನ ಐತಾ? ಮೇಲಿನವು ಸತ್ತು ಒಳಗಿನವು ಉಳೀತಾವೆ ಅಂತ. ನಂದು ತಿರುಗಾಮುರುಗಾ ಆಗೋಯ್ತಲ್ಲ. ಮೇಲಿಂದು ಹಂಗೇ ಕುಂತೈತೆ.”

ನಾನು ಅವಳ ಮುಖ ನೋಡಲಾರದೆ ಎದುರಿಗೆ ನೋಡಿದೆ. ಅವಳ ಕೊಟ್ಟಿಗೆಯ ಹಂಚಿನ ಮೇಲೆ ಕಪ್ಪೆಕಲ್ಲು ಕಂಡಿತು. ಕೋತಿಯೊಂದು ಅದರ ತಂತಿ ಎಳೆದೆಳೆದು ಬೇಸತ್ತು ಹೋಗುತ್ತಿತ್ತು. ಅವಳೂ ಅತ್ತ ತಿರುಗಿದಳು. ಅಷ್ಟು ದಿನ ನಮ್ಮ ಕಣ್ಣೆದುರಿಗೇ ಇದ್ದದ್ದು ಯಾರ ನೆನಪಿಗೂ ಬಂದಿರಲಿಲ್ಲ.

“ಈಗ್ಲೇ ಇಳಿಸಾನ” ಎಂದು ನಾನು ಎದ್ದೆ.

“ಬ್ಯಾಡ. ಮೂರು ಯುಗಾದಿ ಅಂದವ್ಳೆ. ಮೂರು ಯುಗಾದಿ ಆಗ್ಲಿ.”

ಆ ಕಾಯುವಿಕೆಯೇ ಅವಳನ್ನು ನಡೆಸಿತು ಎನ್ನಬೇಕು. ಬೇಸಿಗೆಯಲ್ಲಿ ಹಂಚು ಕಾದಾಗ ಅವಳಿಗೆ ನಿದ್ದೆಯಿಲ್ಲ. ಬಿರುಮಳೆಗೆ ಅರಗು ಬಿಟ್ಟಿತೇನೋ ಎಂದು ಗಂಗಯ್ಯನನ್ನು ಏಣಿ ಹತ್ತಿಸುತ್ತಿದ್ದಳು. ಅವನು ಮುಟ್ಟಿ ನೋಡಿ, “ಗಟ್ಟಿಯಾಗೈತೆ ತಾಯಿ” ಎನ್ನುತ್ತಿದ್ದ. ಕೆಳಗಿಳಿದು ನನ್ನ ಹತ್ತಿರ ಮಾತ್ರ, “ಒಂದು ಕಡೆ ಕೂದಲಿನಷ್ಟು ಬಿರಿದಂಗೈತೆ ಕಣಣ್ಣ” ಎಂದು ಪಿಸುಗುಟ್ಟಿದ.

ಮೂರನೆಯ ಯುಗಾದಿಯ ಮಾರನೆಯ ಸಂಜೆ ಕಲ್ಲನ್ನು ಇಳಿಸಿದೆವು. ಗಂಗಯ್ಯ ಉಳಿಯಿಂದ ಬಿರಡೆ ಕಿತ್ತ. ಬಟ್ಟೆಯ ಹೊರಮಡಿಕೆ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಬಿಚ್ಚುತ್ತ ಬಿಚ್ಚುತ್ತ ಒಳಗೆ ಅಂಗೈಗಿಂತ ಚಿಕ್ಕ ಜಾಗ ಇನ್ನೂ ಬೆಳ್ಳಗಿತ್ತು. ಲಲಿತಮ್ಮ ಅದನ್ನು ಕತ್ತರಿಸಿಕೊಂಡಳು.

“ಅರ್ಧ ಇಟ್ಕೊಳವ್ವ, ಇನ್ನೊಂದು ದಪ ನೋಡಬಹುದು” ಎಂದೆ.

“ಇರೋದೇ ಬೊಗಸೆ ಉಸಿರು, ಅದ್ರಲ್ಲೂ ಪಾಲು ಮಾಡ್ಲಾ ಮಾವ?” ಎಂದಳು. ಇಡೀ ತುಂಡನ್ನೂ ಹಾಕಿದಳು.

ಮಗಳು ಹೇಳಿದ್ದನ್ನು ಒಂದಕ್ಷರ ತಪ್ಪದೆ ಮಾಡಿದಳು. ಎರಡು ಹೊಸ ಕುಡಿಕೆಗಳನ್ನು ಕುದಿಯುವ ನೀರಲ್ಲಿ ತೊಳೆದಳು. ಹಾಲನ್ನು ಉಕ್ಕಿಸಿ ಉಕ್ಕಿಸಿ ಆರಿಸಿದಳು. ಒಂದಕ್ಕೆ ಬಟ್ಟೆ, ಇನ್ನೊಂದಕ್ಕೆ ಏನೂ ಇಲ್ಲ. ಗುರುತಿಗೆ ಬಟ್ಟೆಯ ಕುಡಿಕೆಯ ಪಕ್ಕ ಕಪ್ಪೆಕಲ್ಲನ್ನಿಟ್ಟಳು. ಆಮೇಲೆ ಹಸುಗಳು ಕೂಗುತ್ತಿದ್ದವೆಂದು ಕೊಟ್ಟಿಗೆಗೆ ಹೋದಳು.

ನಾನು ಎದುರಿನ ಜಗಲಿಯಲ್ಲೇ ಕೂತಿದ್ದೆ. ದೀಪ ಹಚ್ಚುವ ಹೊತ್ತು ಇನ್ನೇನು ಬರುವುದಿತ್ತು. ಹೊಂಬಾಳಮ್ಮ ಸೆರಗು ಹೊದ್ದುಕೊಂಡು ಲಲಿತಮ್ಮನ ಮನೆಯೊಳಗೆ ಹೋಗಿ ಕೂಡಲೇ ಬಂದಳು. ಅವಳ ಹಿಂದೆಯೇ ಮಾಲಿನಿ ಹಿತ್ತಲ ಬಾಗಿಲಿನಿಂದ ಒಳಗೆ ಹೋದಂತಾಯಿತು. ಗಂಗಯ್ಯ, ಮನೆಗೆ ಹೋಗಿದ್ದವನು, ಉಳಿ ಮರೆತೆ ಎಂದು ಪುನಃ ಬಂದ. ಉಳಿ ಅವನ ಸೊಂಟದಲ್ಲೇ ಇತ್ತು. ವರ್ಷಗಟ್ಟಲೆ ಜನ ಹಾಯದ ಮನೆಗೆ ಇಷ್ಟು ಜನ ಹೋಗಿ ಬರುತ್ತಿದ್ದಾರಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅವಳ ಕೂಗು.

“ಮಾವ! ಅತ್ತೆ! ಬನ್ರೋ! ಮೊಸರಾಗೈತೆ! ನನ್ನ ಸಿರಿ ಹೆಪ್ಪು ಮೊಸರಾಗೈತೆ!”

ಆ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂಬುದನ್ನೇ ನಾವು ಮರೆತಿದ್ದೆವು. ಓಡಿದೆವು. ಕಪ್ಪೆಕಲ್ಲಿನ ಪಕ್ಕದ ಕುಡಿಕೆಯನ್ನು ಅವಳು ಓರೆ ಮಾಡಿ ತೋರಿಸಿದಳು. ಮೊಸರು ಅಲ್ಲಾಡಲಿಲ್ಲ. ಇನ್ನೊಂದು ಕುಡಿಕೆಯಲ್ಲಿ ಹಾಲು ಹಾಲಾಗಿಯೇ ಇತ್ತು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

“ನೋಡು ಮಾವ, ಎರಡೂ ನೋಡು. ಅವ್ಳು ಹೇಳ್ದಂಗೇ ಆಗೈತೆ. ಗೆದ್ಲು ಕಣ್ ಮಾವ ನನ್ನ ಮಗಳು.”

“ಸೋತೆ ಕಣವ್ವ, ಸೋತೆ” ಎಂದೆ. ಅಷ್ಟು ಖುಷಿಯಿಂದ ಯಾರೂ ಸೋತಿರಲಾರರು.

ಆಮೇಲೆ ಅವಳು ಬೆರಳಲ್ಲಿ ಒಂದಿಷ್ಟು ಬಳಿದು ನಾಲಿಗೆಗೆ ಇಟ್ಟುಕೊಂಡಳು.

ಜೀವಮಾನವೆಲ್ಲ ಮೊಸರು ಮಾರಿದವಳು. ನಮ್ಮ ಬೀದಿಯ ಯಾವ ಮನೆಯ ಮೊಸರಾದರೂ ಕಣ್ಣು ಕಟ್ಟಿ ಕೊಟ್ಟರೆ ಹೇಳುವವಳು. ನಗು ಮೊದಲು ಬಾಯಿಂದ ಹೋಯಿತು, ಆಮೇಲೆ ಕಣ್ಣಿಂದ. ಇನ್ನೊಂದು ಸಲ ರುಚಿ ನೋಡಿದಳು.

“ಹುಳಿ” ಎಂದಳು. “ಹೆಪ್ಪು ಹೆಚ್ಚಾಗಿ ಬಿದ್ರೆ ಹಿಂಗಾಗೋದು.” ನಮ್ಮೆಲ್ಲರ ಮುಖ ನೋಡಿದಳು. “ಯಾರು ಹಾಕಿದ್ರಿ?”

ಮಾಲಿನಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು, “ಒಂದೇ ಚಮಚ ಅಕ್ಕ” ಎಂದಳು. “ಆವತ್ತು ಕುಡಿಕೇನ ಬುಟ್ಟಿಗೆ ಹಾಕಿದ್ದು ಇದೇ ಕೈ. ಬೆಳಿಗ್ಗೆ ಎದ್ದು ನೀವು ಹಾಲು ನೋಡಿದ್ರೆ ಏನಾಗ್ತೀರೋ ಅಂತ… ಒಂದೇ ಚಮಚ.”

“ಅಯ್ಯೋ, ನೀನೂ ಹಾಕಿದ್ಯೇನೇ?” ಎಂದಳು ಹೊಂಬಾಳಮ್ಮ. ಅಂದ ಮೇಲೆ ಬಾಯಿ ಕಚ್ಚಿಕೊಂಡಳು. ಕಚ್ಚಿಕೊಂಡು ಏನು ಪ್ರಯೋಜನ. ದೀಪ ಹಚ್ಚಿದ ಮೇಲೆ ಹೆಪ್ಪು ಮನೆಯಿಂದ ಹೊರಗೆ ಹೋಗಬಾರದೆಂದು ಮುಂಚೆಯೇ ಅವಸರದಲ್ಲಿ ತಂದು ಹಾಕಿದ್ದಳಂತೆ. ಆ ಶಾಸ್ತ್ರ ಎಲ್ಲರಿಗೂ ಗೊತ್ತು, ಅದಕ್ಕೇ ಎಲ್ಲರೂ ಒಂದೇ ಹೊತ್ತಿಗೆ ಬಂದಿದ್ದರು.

ಗಂಗಯ್ಯ ಗೋಡೆ ನೋಡುತ್ತ ನಿಂತಿದ್ದ. “ನನ್ನ ಅರಗು ಬಿರಿದಿತ್ತು ತಾಯಿ” ಎಂದ. “ಅದಕ್ಕೆ ಮನೇಲಿದ್ದ ಮಜ್ಜಿಗೆ…”

ಬೇರೆ ಯಾವ ದಿನವಾಗಿದ್ದರೂ ನಾನು ಇದನ್ನು ಹತ್ತು ಊರಿಗೆ ಹೇಳಿ ನಗಿಸುತ್ತಿದ್ದೆ. ಒಬ್ಬರಿಗೊಬ್ಬರು ತಿಳಿಯದ ಹಾಗೆ ಬಂದ ಮೂವರು ಕಳ್ಳರು, ಕದಿಯಲಿಲ್ಲ, ಇಟ್ಟು ಹೋದರು. ಬಾಣಾವರದ ಗೌಡನ ಹಾಗೆ ನಮ್ಮ ಹೆಜ್ಜೆಗಳನ್ನೇ ನಾವು ಹಿಂಬಾಲಿಸಿ ಬಂದಿದ್ದೆವು.

ಲಲಿತಮ್ಮ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆವು. ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕುಸಿದಳು.

“ಬರೀ ಹಾಲಾಗಿದ್ರೂ ಸೈ ಅಂತಿದ್ದೆ” ಎಂದಳು. “ಇಲ್ಲ ಅಂತಾನಾದ್ರೂ ಗೊತ್ತಾಗೋದು. ಈಗ ಇದ್ರಾಗೆ ಅವ್ಳು ಇದಾಳೋ ಇಲ್ವೋ, ನಾನು ಯಾರನ್ನ ಕೇಳ್ಲಿ?”

ಹೊಂಬಾಳಮ್ಮ ಅವಳ ಕಾಲ ಬಳಿ ಕೂತು ಅತ್ತಳು. ಮಾಲಿನಿ ನಿಂತಲ್ಲೇ ಅತ್ತಳು. ಗಂಗಯ್ಯ ಕಪ್ಪೆಕಲ್ಲನ್ನು ಎತ್ತಿ, ಅದರ ಖಾಲಿ ಗೂಡಿನೊಳಗೆ ಬೆರಳಾಡಿಸುತ್ತ ನಿಂತ. ಬಟ್ಟೆಯ ಇನ್ನೊಂದು ತುಂಡು ಎಲ್ಲೂ ಇರಲಿಲ್ಲ.

ಸಿರಿಯ ಜೊತೆ ಪಾಠ ಮಾಡುತ್ತಿದ್ದ ಮೇಷ್ಟ್ರೊಬ್ಬರನ್ನು ಅರಸೀಕೆರೆಗೆ ಹೋಗಿ ನಾನೇ ಕೇಳಿ ಬಂದೆ. ಹಳೆಯ ಮೊಸರು ಚೂರಾದರೂ ಇದ್ದಿದ್ದರೆ ಹೋಲಿಸಿ ನೋಡಬಹುದಿತ್ತು, ಏನೂ ಇಲ್ಲದೆ ಯಾವುದಕ್ಕೆ ಹೋಲಿಸುವುದು ಎಂದರು. ಮೂರು ವರ್ಷ ಬಿಸಿಲಲ್ಲಿ ಕಾದ ಮೊಸರಿನ ಜೀವ ಉಳಿದಿರುವುದು ಅನುಮಾನ ಎಂದೂ ಹೇಳಿದರು. ಆ ಕೊನೆಯ ಮಾತನ್ನು ನಾನು ಬಸ್ತಿಹಳ್ಳಿಗೆ ತರಲಿಲ್ಲ. ಬಾಣಾವರದಲ್ಲಿ ಬಸ್ಸು ನಿಂತಾಗ ಅಲ್ಲೇ ಇಳಿಸಿ ಬಂದೆ.

ಆ ಮೊಸರನ್ನು ಅವಳು ಎಸೆಯಲಿಲ್ಲ. ಹೇಗೆ ಎಸೆಯುತ್ತಾಳೆ? ಒಂದು ವೇಳೆ ಇದ್ದರೆ? ತಿನ್ನಲೂ ಇಲ್ಲ. ಅದರಿಂದಲೇ ಮಾರನೆಯ ದಿನ ಹೆಪ್ಪು ಹಾಕಿದಳು, ಅದರ ಮಾರನೆಯ ದಿನವೂ. ಬೀದಿಯವರು ಕೇಳಿದರೆ ಕೊಡುತ್ತಾಳೆ. ಈಗ ನಮ್ಮ ಮನೆಯಲ್ಲೂ ಅದೇ ಹೆಪ್ಪು. ಹೊಂಬಾಳಮ್ಮ ತನ್ನ ತವರಿನದನ್ನು ಅದರ ಜೊತೆ ಬೆರೆಸುವುದಿಲ್ಲ.

ಮೊನ್ನೆ ಸಂಜೆ ಅವಳ ಮನೆಗೆ ಹೋಗಿದ್ದೆ. ಗೂಡಿನಲ್ಲಿ ಎರಡು ಕುಡಿಕೆಗಳಿದ್ದವು. ಒಂದಕ್ಕೆ ಹೆಪ್ಪು ಹಾಕಿದಳು. ಇನ್ನೊಂದಕ್ಕೆ ಅದೇ ಹಾಲು ಸುರಿದು, ಏನೂ ಹಾಕದೆ, ಮುಚ್ಚಳ ಮುಚ್ಚಿದಳು. ಎದುರುಮನೆಯವನಾಗಿ ನಾನು ನೋಡುತ್ತಲೇ ಇದ್ದೇನೆ, ಆ ಯುಗಾದಿಯಿಂದ ಒಂದು ಸಂಜೆಯೂ ತಪ್ಪಿಲ್ಲ. ಬೆಳಿಗ್ಗೆ ಎದ್ದು ಎರಡನ್ನೂ ಓರೆ ಮಾಡಿ ನೋಡಿ, ಹಾಲನ್ನು ಕರುವಿಗೆ ಕುಡಿಸುತ್ತಾಳೆ.

“ಇದು ಇನ್ನೂ ಯಾಕವ್ವ?” ಎಂದೆ.

“ಎರಡು ಇಡಬೇಕು ಅಂದವ್ಳೆ ಮಾವ” ಎಂದಳು. ಎದ್ದು, ಮುಂದಿನದು ಹಿತ್ತಲಿನದು ಎರಡೂ ಬಾಗಿಲಿಗೆ ಅಗುಳಿ ಹಾಕಿ ಬಂದು, ದೀಪ ಹಚ್ಚಿದಳು.